ಆಟ ಅನ್ನ ಹಾಕುತ್ತದೆಯೇ?

ನಮ್ಮ ಕೋಲಾರದ ಕಡೆ ಹೆಣ್ಣುಮಗು ಹಾಡಿದರೆ ಅಕ್ಕಪಕ್ಕದವರು ಕಿವಿಗೊಡುತ್ತಾರೆ, ಓದಿದರೆ ಬೆನ್ನು ತಟ್ಟುತ್ತಾರೆ. ಅದೇ ಮಗು ಬ್ಯಾಟು ಹಿಡಿದು ಬೀದಿಗಿಳಿದರೆ ಮಾತ್ರ, 'ಇದೇನು ಅನ್ನ ಹಾಕುತ್ತದೆಯೇ?' ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಕೆಟ್ಟವರೇನಲ್ಲ. ಮಳೆಯನ್ನು ನಂಬಲಾಗದೆ, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್ಲನ್ನು ನಂಬಲಾಗದೆ ಬದುಕಿದವರು ನಾವು. ಲೆಕ್ಕ ಹಾಕುವುದು ರಕ್ತದಲ್ಲೇ ಬಂದಿದೆ.

ಶ್ರೀನಿವಾಸಪುರದಲ್ಲಿರುವ ನನ್ನ ನಾದಿನಿಯೂ ಇದನ್ನೇ ಕೇಳಿದಳು. ಅವಳ ಮಗಳಿಗೆ ಕ್ರಿಕೆಟ್ಟಿನ ಹುಚ್ಚು. ತರಬೇತಿಗೆ ಕೋಲಾರಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದಾಳೆ. "ನೀವೇ ಹೇಳಿ ಅತ್ತಿಗೆ, ನಾಳೆ ಇವಳ ಕೈಗೆ ಏನು ಬರುತ್ತೆ?" ಎಂದಳು. ನಾನು ಶಾಂತಾ ರಂಗಸ್ವಾಮಿಯವರ ಕಥೆ ಹೇಳಿದೆ.

ಶಾಂತಾ ಬೆಂಗಳೂರಿನಲ್ಲಿ ಬೆಳೆದವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹೆಣ್ಣುಮಕ್ಕಳೇ ತುಂಬಿದ ಮನೆ, ತಾಯಿಯದೇ ಆಸರೆ. ಅಂಥ ಮನೆಯ ಹುಡುಗಿ 1976ರಲ್ಲಿ, 22ನೇ ವಯಸ್ಸಿಗೆ, ಭಾರತದ ಮಹಿಳಾ ತಂಡದ ಮೊದಲ ಟೆಸ್ಟ್ ಪಂದ್ಯಕ್ಕೆ ನಾಯಕಿಯಾದರು. ಎದುರಾಳಿ ವೆಸ್ಟ್ ಇಂಡೀಸ್, ಪಂದ್ಯ ನಡೆದದ್ದು ಬೆಂಗಳೂರಿನಲ್ಲೇ. ಅದೇ ನವೆಂಬರಿನಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವೂ ಬಂತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ರನ್ ಹೊಡೆದರು. ಟೆಸ್ಟಿನಲ್ಲಿ ಭಾರತೀಯ ಮಹಿಳೆಯೊಬ್ಬಳ ಮೊದಲ ಶತಕ ಅದು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಆಟಗಾರ್ತಿಯೂ ಅವರೇ.

ಇಷ್ಟಾದರೂ ಆಟ ಅವರಿಗೆ ಅನ್ನ ಹಾಕಲಿಲ್ಲ! ಆ ಕಾಲದ ಆಟಗಾರ್ತಿಯರು ರೈಲಿನಲ್ಲಿ ಸೀಟು ಕಾಯ್ದಿರಿಸದ ಡಬ್ಬಿಯಲ್ಲಿ ಹೋಗಿ, ಹತ್ತಾರು ಜನ ಒಂದೇ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ದೇಶಕ್ಕಾಗಿ ಆಡಿದರು. ಶಾಂತಾಗೆ ಸಂಬಳ ಕೊಟ್ಟದ್ದು ಕೆನರಾ ಬ್ಯಾಂಕು. ಅಲ್ಲಿ ಜನರಲ್ ಮ್ಯಾನೇಜರ್ ಹುದ್ದೆಯವರೆಗೂ ಏರಿದರು. ಬ್ಯಾಟು ಹಿಡಿದ ಕೈಗೆ ಲೆಡ್ಜರು ಭಾರವಾಗಲಿಲ್ಲ ನೋಡಿ. ಕ್ರಿಕೆಟ್ ಮಂಡಳಿ ಮಹಿಳೆಯರ ಆಟವನ್ನು ತನ್ನ ಕೈಗೆ ತೆಗೆದುಕೊಂಡದ್ದು 2006ರಲ್ಲಿ. ಶಾಂತಾಗೆ ಮಂಡಳಿಯ ಜೀವಮಾನ ಸಾಧನೆ ಪ್ರಶಸ್ತಿ ಬಂದದ್ದು 2017ರಲ್ಲಿ. ಅದನ್ನು ಪಡೆದ ಮೊದಲ ಮಹಿಳೆ ಅವರು.

2022ರಲ್ಲಿ ಮಂಡಳಿ ಗಂಡಸರಿಗೂ ಹೆಂಗಸರಿಗೂ ಸಮನಾದ ಪಂದ್ಯ ಶುಲ್ಕ ಘೋಷಿಸಿತು: ಒಂದು ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ. 2025ರ ನವೆಂಬರಿನಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ಪನ್ನೇ ಗೆದ್ದರು. "ಹಾಗಾದರೆ ಈಗ ದುಡ್ಡಿದೆ ಅನ್ನಿ" ಎಂದಳು ನಾದಿನಿ. ಇದೆ, ಆದರೆ ಮೇಲಿನ ಮೆಟ್ಟಿಲು ಹತ್ತಿದ ಕೆಲವರಿಗೆ. ಉಳಿದವರಿಗೆ ಇಂದಿಗೂ ಓದು ಬೇಕು, ಒಂದು ನೌಕರಿ ಬೇಕು. ಅದನ್ನೂ ಅವಳಿಗೆ ಮುಚ್ಚಿಡಲಿಲ್ಲ.

ನಾದಿನಿ ಇನ್ನೂ ಹೂಂ ಅಂದಿಲ್ಲ. ಅವಳ ಚಿಂತೆ ದುಡ್ಡಿನದಷ್ಟೇ ಅಲ್ಲ ಎಂದು ನನಗೆ ಗೊತ್ತು. ಮಾಲೂರಿನ ಹುಡುಗಿಗಾದರೆ ಬೆಂಗಳೂರಿಗೆ ರೈಲಿದೆ. ಮುಳಬಾಗಿಲಿನವಳಿಗೆ ಬಸ್ಸೇ ಗತಿ. ಅಭ್ಯಾಸ ಮುಗಿಸಿ ಕತ್ತಲಾದ ಮೇಲೆ ಇಳಿಯುವ ಮಗಳಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರು ಯಾರು? ಮನೆಯಲ್ಲಿ ಒಲೆ ಹಚ್ಚುವವರು ಯಾರು? ಶಾಂತಾ ಅವರ ತಾಯಿಯ ಹೆಸರಿನಲ್ಲಿ ಒಂದು ರನ್ನೂ ದಾಖಲಾಗಿಲ್ಲ. ಆದರೆ ಆ 108ರಲ್ಲಿ ಅವರ ಪಾಲು ಎಷ್ಟೆಂದು ತಾಯಂದಿರಾದ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ.