ಯಾವ ಟಿವಿ ತಗೊಳ್ಳೋದು?



ಹಬ್ಬದ ಆಫರ್ ಬಂದ್ರೆ ಸಾಕು, ಎಲ್‌ಇಡಿನಾ, ಕ್ಯೂಎಲ್‌ಇಡಿನಾ, ಓಎಲ್‌ಇಡಿನಾ ಅಂತ ನಮ್ಮ ಹುಡುಗರು ಕೇಳ್ತಾರೆ. ಮೊದಲೆರಡೂ ಎಲ್‌ಸಿಡಿ ಪರದೆಗಳೇ, ಹಿಂದೆ ಎಲ್‌ಇಡಿ ದೀಪ ಇರುತ್ತೆ. ಕ್ಯೂಎಲ್‌ಇಡಿಗೆ ಬಣ್ಣ ಎದ್ದು ಕಾಣಲು ಒಂದು ಪದರ ಹೆಚ್ಚು, ಅಷ್ಟೇ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತೆ, ತಾನೇ ಆರುತ್ತೆ. ಹಾಗಾಗಿ ಕಪ್ಪು ನಿಜವಾದ ಕಪ್ಪಾಗಿ ಕಾಣುತ್ತೆ. ಆದ್ರೆ ದುಬಾರಿ. ದಿನವಿಡೀ ನ್ಯೂಸ್ ಚಾನೆಲ್ ಹಾಕಿಟ್ರೆ ಅದರ ಲೋಗೋ ಪರದೆ ಮೇಲೆ ಅಚ್ಚೊತ್ತಿ ಉಳಿಯೋ ಅಪಾಯವೂ ಇದೆ.

1988ರಲ್ಲಿ ದೂರದರ್ಶನದಲ್ಲಿ ‘ಮಹಾಭಾರತ’ ಶುರುವಾದಾಗ ನಮ್ಮ ಕೇರಿಯ ಮಕ್ಕಳು ಊರೊಳಗಿನ ಮನೆಯೊಂದರ ಕಿಟಕಿಯಾಚೆ ನಿಂತು ನೋಡ್ತಿದ್ವಿ. ಒಳಗೆ ಬನ್ನಿ ಅಂದವರಿಲ್ಲ. 2020ರಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಬಂದಾಗ ಅದೇ ಕೇರಿಯವರು ತಂತಮ್ಮ ಮನೇಲೇ ಕೂತು ಬಾಬಾಸಾಹೇಬರನ್ನು ನೋಡಿದರು, ಫ್ಲೆಕ್ಸ್ ಕಟ್ಟಿದರು. ಪರದೆ ಯಾವ ಟೆಕ್ನಾಲಜಿದು ಅಂತ ಯಾರೂ ಕೇಳಲಿಲ್ಲ.

ಬೆಳಕು ಜಾಸ್ತಿ ಬರೋ ಹಾಲ್‌ಗೆ, ನಮ್ಮಂಥ ಗುಮಾಸ್ತರ ಸಂಬಳಕ್ಕೆ, ಸಾದಾ ಎಲ್‌ಇಡಿ ಸಾಕು. ಇಎಂಐ ಹೊತ್ಕೊಂಡು ಓಎಲ್‌ಇಡಿ ತರಬೇಡಿ. ಆ ದುಡ್ಡು ಮಕ್ಕಳ ಓದಿಗಿರಲಿ. ಯಾವ ಟಿವಿ ತಂದರೂ ಬಾಗಿಲು ತೆರೆದಿಡಿ. ಅಕ್ಕಪಕ್ಕದ ಮಕ್ಕಳು, ಯಾರದೇ ಇರಲಿ, ಒಳಗೆ ಬಂದು ಕೂತು ನೋಡಲಿ.

ಜೈಭೀಮ್.