ತೂತಿಗೂ ತೂತಿಗೂ ನಡುವೆ

ಸೋಮವಾರ. ಬೆಳಗಿನ ವಾಕಿಂಗ್‌ಗೆ ಹೊರಟರೆ ರಸ್ತೆಯಂಚಿನಲ್ಲಿ ಮೂರು ಕಾಲಿನ ಕಬ್ಬಿಣದ ಚೌಕಟ್ಟು. ಬೋರ್‌ವೆಲ್ ಅಂದುಕೊಂಡೆ. ಅಲ್ಲವಂತೆ, ಮೆಟ್ರೊ ಸುರಂಗಕ್ಕೆ ಮಣ್ಣು ಪರೀಕ್ಷೆ. ನೀರು ಬಂದರೆ ಮುಖ ಸಿಂಡರಿಸುವ ಬೋರಿನವರನ್ನು ಬೆಂಗಳೂರಿನಲ್ಲಿ ನೋಡಿದ್ದು ಇದೇ ಮೊದಲು.

ಸುರಂಗ ಹೋಗುವುದು ರಸ್ತೆಯ ನಡುಮಧ್ಯದಡಿ. ಇವರು ಕೊರೆಯುತ್ತಿರುವುದು ಪಕ್ಕದಲ್ಲಿ. ಟ್ರಾಫಿಕ್ಕಿನ ಭಯವೇ ಎಂದು ಕೇಳಿದೆ. ಸೂಪರ್‌ವೈಸರ್ ಹುಡುಗ ನಕ್ಕ. ‘ಅದೂ ಇದೆ ಸಾರ್. ಆದ್ರೆ ಲೈನ್ ಮೇಲೇ ತೂತು ಹೊಡೆದ್ರೆ, ಆಮೇಲೆ ಕೆಳಗೆ ಮಿಷನ್ ಬಂದಾಗ ಒಳಗಿನ ಒತ್ತಡಕ್ಕೆ ಕೆಸರು ಅದೇ ತೂತಲ್ಲಿ ಮೇಲಕ್ಕೆ ಚಿಮ್ಮಬಹುದು.’ ಕೊರೆದಾದ ಮೇಲೆ ಸಿಮೆಂಟು ಹಾಲು ತುಂಬಿ ಮುಚ್ಚುವುದೂ ಅದಕ್ಕೇ. ಅಂದರೆ ಯಾವ ಜಾಗ ಹೇಗಿದೆ ಎಂದು ತಿಳಿಯಬೇಕೋ ಆ ಜಾಗವನ್ನು ಮುಟ್ಟುವ ಹಾಗಿಲ್ಲ!

ಮಂಗಳವಾರ. ಏಟು ಎಣಿಸುವುದನ್ನೇ ನೋಡುತ್ತ ನಿಂತೆ. 63.5 ಕಿಲೋ ತೂಕದ ಹ್ಯಾಮರು, 75 ಸೆಂ.ಮೀ. ಎತ್ತರದಿಂದ ಬೀಳಬೇಕು. ಅಡಿಯ ಕೊಳವೆ 15 ಸೆಂ.ಮೀ. ಇಳಿಯಲು ಎಷ್ಟು ಏಟು, ಇನ್ನೊಂದು 15ಕ್ಕೆ ಎಷ್ಟು, ಮತ್ತೊಂದು 15ಕ್ಕೆ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಕೂಡುವಾಗ ಮೊದಲಿನದನ್ನು ಬಿಟ್ಟುಬಿಡುತ್ತಾರೆ.

‘ಬಿಡೋದಾದ್ರೆ ಎಣಿಸೋದ್ಯಾಕಪ್ಪಾ?’

‘ಕೊರೆಯೋವಾಗ ತಳದ ಮಣ್ಣು ಕಲಕಿರತ್ತೆ ಸಾರ್. ಅದರ ಸಾಕ್ಷಿ ನಡೆಯಲ್ಲ.’

ಇಷ್ಟು ಚೊಕ್ಕ ಉತ್ತರ ನಾನು ಕೆಲಸದಲ್ಲಿದ್ದ ಮೂವತ್ತು ವರ್ಷಗಳಲ್ಲಿ ಯಾವ ಫೈಲಿನಲ್ಲೂ ಓದಿದ್ದಿಲ್ಲ.

ಬುಧವಾರ. ಕಲ್ಲು ಸಿಕ್ಕಿದೆ. ಸಂತೋಷ, ಮುಗಿಯಿತಲ್ಲ ಎಂದೆ. ಇಲ್ಲ, ಇನ್ನೂ ಮೂರೋ ಐದೋ ಮೀಟರ್ ಕಲ್ಲಿನೊಳಗೇ ಇಳಿಯಬೇಕಂತೆ. ಸಿಕ್ಕಿದ್ದು ಬಂಡೆಯೋ ಗುಂಡೋ ಯಾರಿಗೆ ಗೊತ್ತು?

ಲಾಲ್‌ಬಾಗಿನಲ್ಲಿ ತಲೆಯೆತ್ತಿರುವ ಬಂಡೆಯ ಬಳಗವೇ ಇದೆಲ್ಲ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅದು ಒಂದೇ ಸಮನೆ ಕೊಳೆಯುವುದಿಲ್ಲ. ಬಿರುಕುಗಳಲ್ಲಿ ನೀರಿಳಿದು ಅಲ್ಲಲ್ಲಿ ಗೊಚ್ಚಾಗುತ್ತದೆ, ಮಣ್ಣಾಗುತ್ತದೆ, ನಡುನಡುವೆ ಆನೆಗಾತ್ರದ ಗುಂಡುಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಸುರಂಗ ಕೊರೆಯುವ ಯಂತ್ರಕ್ಕೆ ಬರೀ ಮಣ್ಣಾದರೂ ಸರಿ, ಬರೀ ಕಲ್ಲಾದರೂ ಸರಿ. ಅರ್ಧ ಕಲ್ಲು ಅರ್ಧ ಮಣ್ಣು ಎದುರಾದರೆ ಹಲ್ಲು ಮುರಿದುಕೊಳ್ಳುತ್ತದೆ. ಮೊದಲ ಹಂತದಲ್ಲಿ ‘ಗೋದಾವರಿ’ ಎಂಬ ಯಂತ್ರ ತಿಂಗಳುಗಟ್ಟಲೆ ನೆಲದೊಳಗೇ ಕೆಟ್ಟು ನಿಂತದ್ದು ಪತ್ರಿಕೆ ಓದುವವರಿಗೆಲ್ಲ ನೆನಪಿದೆ.

ತೆಗೆದ ಕಲ್ಲಿನ ತುಂಡುಗಳನ್ನು ಮರದ ಪೆಟ್ಟಿಗೆಯಲ್ಲಿ ಮೂಲಂಗಿ ಜೋಡಿಸಿದ ಹಾಗೆ ಜೋಡಿಸಿದ್ದರು. ದಪ್ಪ 54.7 ಮಿ.ಮೀ. 10 ಸೆಂ.ಮೀ.ಗಿಂತ ಉದ್ದದ ತುಂಡುಗಳಿಗಷ್ಟೇ ಅಂಕ. ಕೊರೆಯುವವನ ಕೈಯಲ್ಲಿ ಮುರಿದದ್ದನ್ನು ಮಾತ್ರ ಕೂಡಿಸಿ ಒಂದೇ ಎಂದು ಲೆಕ್ಕ ಹಿಡಿಯುತ್ತಾರೆ. ಯಾವುದು ಅವನು ಮುರಿದದ್ದು, ಯಾವುದು ಮೊದಲೇ ಮುರಿದಿದ್ದದ್ದು? ಬಿರುಕಿನ ಬಣ್ಣ ನೋಡಬೇಕಂತೆ. ಹಳೆಯದಾದರೆ ಕಂದು ಹಿಡಿದಿರುತ್ತದೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು. ಈ ನೆಲ ಅನ್ನವಲ್ಲ, ಬಿಸಿಬೇಳೆಬಾತು. ಅದನ್ನೇ ಹೇಳಿದೆ. ಮುಂದಿನ ತೂತು ಎಷ್ಟು ದೂರ? ಐವತ್ತು ಮೀಟರ್. ನಡುವೆ? ‘ನಡುವೆ ಗೆರೆ ಎಳೀತಾರೆ ಸಾರ್, ಚುಕ್ಕಿ ಚುಕ್ಕಿ ಗೆರೆ.’

ಗುರುವಾರ. ತೂತಿಗೆ ಮೊದಲು ಹಳೆಯ ನಕ್ಷೆ ತೆಗೆದು ನೋಡುತ್ತಾರಂತೆ. ಇದು ನನಗೆ ಹಿಡಿಸಿತು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಹೂಳು ಹೆಸರು ಬದಲಾಯಿಸಿಕೊಳ್ಳುವುದಿಲ್ಲ.

ಶುಕ್ರವಾರ. ನೀರಿನ ಮಟ್ಟ ಅಳೆದರು. ಕೊರೆಯಲು ತಾವೇ ಸುರಿದ ನೀರು ಇಳಿದುಹೋಗಲೆಂದು ಒಂದು ದಿನ ಕಾದು. ಆದರೆ ಇದು ಏಪ್ರಿಲ್! ಕಾಂಕ್ರೀಟಿಗೆ ಬೇಕಾದದ್ದು ಅಕ್ಟೋಬರಿನ ಮಟ್ಟ ಅಲ್ಲವೇ? ಹುಡುಗ ಮೊದಲ ಬಾರಿ ನನ್ನನ್ನು ಗೌರವದಿಂದ ನೋಡಿದ. ಅದಕ್ಕೇ ಒಂದು ಸಣ್ಣ ಕೊಳವೆ ಒಳಗೇ ಬಿಟ್ಟು ಮಳೆಗಾಲವೆಲ್ಲ ಅಳೆಯುತ್ತಾರಂತೆ. ಲಂಡನ್ನಿನಲ್ಲಿ ಕಾರ್ಖಾನೆಗಳು ಬಾವಿ ನೀರು ಸೇದುವುದನ್ನು ಕಡಿಮೆ ಮಾಡಿದ ಮೇಲೆ, 1960ರ ದಶಕದಿಂದೀಚೆಗೆ, ನೆಲದಡಿಯ ನೀರು ಮತ್ತೆ ಏರಿ ಸುರಂಗ ರೈಲಿನವರಿಗೂ ಕಟ್ಟಡದವರಿಗೂ ತಲೆನೋವಾಯಿತು. ನಮ್ಮೂರಲ್ಲಿ ಬೋರ್‌ವೆಲ್‌ಗಳು ನೀರನ್ನು ಪಾತಾಳಕ್ಕೆ ಇಳಿಸಿವೆ. ಅದನ್ನೇ ನಂಬಿ ಕಟ್ಟಬಹುದೇ?

ರಾತ್ರಿ. ಭಾವನ ಮನೆಯ ಸಂಪು ನೆನಪಾಯಿತು. ಕೆರೆಯಂಗಳದ ಲೇಔಟು. ಮಳೆಗಾಲದಲ್ಲಿ ತೊಳೆಯಲೆಂದು ಖಾಲಿ ಮಾಡಿದರು. ಬೆಳಿಗ್ಗೆ ಎದ್ದು ನೋಡಿದರೆ ಸಂಪು ಒಂದು ಗೇಣು ಮೇಲೆದ್ದಿತ್ತು. ದೆವ್ವ ಎಂದರು ಅಕ್ಕ. ಈಗ ಲೆಕ್ಕ ಹಾಕಿದೆ. ಹೊರಅಳತೆ 3 ಮೀಟರ್ ಉದ್ದ, 2 ಅಗಲ, 2 ಆಳ. ಸುತ್ತಲೂ ನೀರು ತುಂಬಿದರೆ ಕೆಳಗಿನಿಂದ ಒತ್ತುವುದು 12 ಟನ್. ತಳ ಮತ್ತು ಗೋಡೆ 15 ಸೆಂ.ಮೀ. ದಪ್ಪ, ಮುಚ್ಚಿಗೆ 12. ಕಾಂಕ್ರೀಟಿನ ತೂಕ ಹತ್ತು ಟನ್ ಚಿಲ್ಲರೆ. ದೋಣಿಯೇ ಸರಿ. ಅಷ್ಟು ದಿನ ಅದನ್ನು ನೆಲದಲ್ಲಿ ಹಿಡಿದಿಟ್ಟದ್ದು ಒಳಗಿದ್ದ ಕಾವೇರಿ ನೀರು.

ಭಾವನಿಗೆ ಫೋನ್ ಮಾಡಿ, ತೋಡುವಾಗ ಎಂಥ ಮಣ್ಣು ಬಂದಿತ್ತು ಎಂದು ಕೇಳಿದೆ. ‘ನಾನೆಲ್ಲಿ ನೋಡಿದೆನೋ? ಜೆಸಿಬಿಯವನನ್ನೇ ಕೇಳಬೇಕು’ ಎಂದರು.