ಡೊಂಕು ಕಾಲಿನ ಆಚಾರ್ಯ

ಗರಡಿಯ ಉಸ್ತಾದನು ಜಾತ್ರೆಯ ದಿನ ತಾನು ಅಖಾಡಕ್ಕೆ ಇಳಿಯುವುದಿಲ್ಲ. ಒಂದು ಮೂಲೆಯಲ್ಲಿ ನಿಂತು ಶಿಷ್ಯನು ಹಾಕುವ ಪಟ್ಟುಗಳನ್ನು ನೋಡುತ್ತಿರುತ್ತಾನೆ. ಎದುರಾಳಿಯ ಬೆನ್ನಿಗೆ ಮಣ್ಣು ಹತ್ತಿದೊಡನೆ ಜನ ಶಿಷ್ಯನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆ ಪಟ್ಟು ಯಾರ ಮೈಯಲ್ಲಿ ಎಷ್ಟು ವರ್ಷ ಪಳಗಿ ಬಂದುದೆಂದು ಕೇಳುವವರು ವಿರಳ. ಬಿಳಿಯುಡುಗೆಯ ಟೆನಿಸ್ ಆಟಕ್ಕೂ ಈ ಮಾತು ಸಲ್ಲುತ್ತದೆ. ಪಾಂಚೊ ಸೆಗೂರಾ ಎಂಬಾತನ ಬಾಳು ಅದಕ್ಕೊಂದು ನಿದರ್ಶನ.

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಗ್ವಾಯಾಕಿಲ್ ಎಂಬ ರೇವುಪಟ್ಟಣವಿದೆ. 1921ರಲ್ಲಿ ಹುಟ್ಟಿ, ಆ ಊರಿನ ಬಡಮನೆಯೊಂದರಲ್ಲಿ ಬೆಳೆದ ಫ್ರಾನ್ಸಿಸ್ಕೊ ಸೆಗೂರಾನನ್ನು ಎಳವೆಯಲ್ಲಿಯೇ ರಿಕೆಟ್ಸ್ ರೋಗ ಹಿಡಿಯಿತು. ಎಲುಬುಗಳು ಗಟ್ಟಿಗೊಳ್ಳದೆ ಎರಡು ಕಾಲುಗಳೂ ಬಿಲ್ಲಿನಂತೆ ಬಾಗಿದವು. ಸಾಲದುದಕ್ಕೆ ಮಲೇರಿಯವೂ ಕಾಡಿತು. ಅಷ್ಟಾವಕ್ರನು ಜನಕನ ಸಭೆಯನ್ನು ಹೊಕ್ಕಾಗ ಅಲ್ಲಿದ್ದವರು ಅವನ ಮೈಯ ಡೊಂಕನ್ನು ಕಂಡರೇ ಹೊರತು ವಿದ್ಯೆಯನ್ನು ಕಾಣಲಿಲ್ಲವೆಂದು ನಮ್ಮ ಕಥೆ ಹೇಳುತ್ತದೆ. ಈ ಹುಡುಗನನ್ನು ನೋಡಿದವರಿಗೂ, ಇವನು ಮುಂದೊಂದು ದಿನ ಓಟವೇ ಪ್ರಾಣವಾದ ಆಟದಲ್ಲಿ ಹೆಸರು ಪಡೆದಾನೆಂಬ ಊಹೆ ಬರುವಂತಿರಲಿಲ್ಲ.

ತಂದೆ ಊರಿನ ಟೆನಿಸ್ ಕ್ಲಬ್ಬನ್ನು ನೋಡಿಕೊಳ್ಳುವ ನೌಕರ. ಉಳ್ಳವರು ಆಡುತ್ತಿದ್ದರೆ ಮಗನು ಚೆಂಡು ಹೆಕ್ಕಿ ಕೊಡುತ್ತಿದ್ದ. ಬಿಡುವಾದಾಗ ರ‍್ಯಾಕೆಟ್ ಎತ್ತಿಕೊಂಡರೆ ಅದರ ಭಾರ ಆ ಸಣಕಲು ಕೈಗೆ ತಡೆಯದು. ಆದುದರಿಂದ ಎರಡೂ ಕೈಗಳಿಂದ ಹಿಡಿದು ಬೀಸತೊಡಗಿದ. ಕೊರತೆಯಿಂದ ಹುಟ್ಟಿದ ಈ ಹೊಡೆತವೇ ಮುಂದೆ ಆತನ ಬ್ರಹ್ಮಾಸ್ತ್ರವಾಯಿತು. ಆತನೊಡನೆ ವರ್ಷಗಟ್ಟಲೆ ಸೆಣಸಿದ ಜ್ಯಾಕ್ ಕ್ರೇಮರ್, 1979ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ಟೆನಿಸ್ ಕಂಡ ಹೊಡೆತಗಳಲ್ಲೆಲ್ಲ ಸೆಗೂರಾನ ಎರಡು ಕೈಯ ಮುಂಗೈ ಹೊಡೆತವೇ ಮಿಗಿಲೆಂದು ಕೊಂಡಾಡಿದ್ದಾನೆ.

ಆಟವೇ ಹುಡುಗನನ್ನು ಅಮೆರಿಕದ ಮಯಾಮಿ ವಿಶ್ವವಿದ್ಯಾನಿಲಯಕ್ಕೆ ಕರೆದೊಯ್ದಿತು. 1943, 1944, 1945, ಹೀಗೆ ಮೂರು ವರ್ಷ ಒಂದೇ ಸಮನೆ ಆ ದೇಶದ ಕಾಲೇಜು ಆಟಗಾರರಲ್ಲಿ ಆತನೇ ಚಾಂಪಿಯನ್. ಅಮೆರಿಕದ ರಾಷ್ಟ್ರೀಯ ಪಂದ್ಯಗಳಲ್ಲಿ 1942ರಿಂದ 1945ರವರೆಗೆ ನಾಲ್ಕು ಸಲ ಉಪಾಂತ್ಯ ಸುತ್ತನ್ನು ಮುಟ್ಟಿದ. ನಾಲ್ಕು ಸಲವೂ ಅಲ್ಲಿಂದ ಹಿಂದಿರುಗಿದ.

ಆಗಿನ ಕಟ್ಟಳೆ ವಿಚಿತ್ರವಾದದ್ದು. ವಿಂಬಲ್ಡನ್ ಮೊದಲಾದ ದೊಡ್ಡ ಪಂದ್ಯಗಳು ಹವ್ಯಾಸಿಗಳಿಗೆ ಮಾತ್ರ ಮೀಸಲು. ಆಟಕ್ಕೆ ಬಹಿರಂಗವಾಗಿ ಹಣ ಪಡೆದವನಿಗೆ ಆ ಬಾಗಿಲು ಮುಚ್ಚಿದಂತೆಯೇ. ಮನೆಯಲ್ಲಿ ಅನ್ನಕ್ಕೆ ಚಿಂತೆಯಿಲ್ಲದವರಿಗೆ ಈ ಮಡಿ ಹಗುರ. ಕಾವಲುಗಾರನ ಮಗನಿಗೆ ಅದು ಬಹಳ ಭಾರ. 1947ರ ಕೊನೆಗೆ ಸೆಗೂರಾ ವೃತ್ತಿಪರರ ತಂಡವನ್ನು ಸೇರಿದ. ತನ್ನ ಹೊಟ್ಟೆಯ ಪಾಡಿಗೆ ಆತ ತೆತ್ತ ಬೆಲೆ ಸುಮಾರು ಇಪ್ಪತ್ತು ವರ್ಷಗಳ ಬಹಿಷ್ಕಾರ.

ವೃತ್ತಿಪರರ ಬಾಳು ಸಂಚಾರಿ ನಾಟಕ ಕಂಪನಿಯ ಬಾಳಿನಂತೆ. ಇಂದು ಈ ಊರು, ನಾಳೆ ಮತ್ತೊಂದು. ಸಿಕ್ಕಿದ ಸಭಾಂಗಣದಲ್ಲಿ ಕ್ಯಾನ್ವಾಸ್ ಹಾಸಿ ಆಟ, ಮುಗಿದೊಡನೆ ಹಾಸು ಸುತ್ತಿ ಪಯಣ. ಹೆಸರಾಂತ ಜೋಡಿಯ ಪಂದ್ಯಕ್ಕೆ ಮೊದಲು ಸೆಗೂರಾನ ಪಂದ್ಯ. ಜನ ಹಣ ಕೊಟ್ಟು ಬಂದದ್ದು ಕ್ರೇಮರನನ್ನು ನೋಡಲು. ಆದರೆ ಡೊಂಕು ಕಾಲಿನಲ್ಲಿ ಬೆಕ್ಕಿನಂತೆ ಸುಳಿದಾಡಿ, ಎರಡು ಕೈಯಿಂದ ಚೆಂಡನ್ನು ಗೆರೆಯಂಚಿಗೆ ಎಸೆಯುವ ಈ ಕುಳ್ಳನನ್ನು ಮೆಚ್ಚಿ ಮನೆಗೆ ಹೋಗುತ್ತಿದ್ದರು. 1950, 1951, 1952ರಲ್ಲಿ ಅಮೆರಿಕದ ವೃತ್ತಿಪರ ಪ್ರಶಸ್ತಿ ಆತನದಾಯಿತು.

1962ರಲ್ಲಿ, ನಲವತ್ತು ದಾಟಿದ ಮೇಲೆಯೂ, ಅದೇ ಪಂದ್ಯದ ಅಂತಿಮ ಸುತ್ತಿನಲ್ಲಿ ಸೆಗೂರಾ ನಿಂತಿದ್ದ. ಗೆಲುವು ಎಳೆಯನಾದ ಬುಖೋಲ್ಟ್ಸನ ಪಾಲಾಯಿತು. ಅದೇ ವರ್ಷ ಆತ ಬೆವರ್ಲಿ ಹಿಲ್ಸ್ ಟೆನಿಸ್ ಕ್ಲಬ್ಬಿನಲ್ಲಿ ಶಿಕ್ಷಕನಾದ. ಚಿತ್ರನಟರಿಗೂ ಧನಿಕರಿಗೂ ಆಟ ಕಲಿಸುವ ಕೆಲಸ. ಚೆಂಡು ಹೆಕ್ಕುತ್ತಿದ್ದವನು ಮತ್ತೆ ಶ್ರೀಮಂತರ ಕ್ಲಬ್ಬಿಗೇ ಬಂದಿದ್ದ. ಆದರೆ ಈಗ ತಲೆತಗ್ಗಿಸಿ ನಿಲ್ಲಬೇಕಾದವರು ಅವರು.

1968ರಲ್ಲಿ ವಿಂಬಲ್ಡನ್ನಿನ ಬಾಗಿಲು ಕೊನೆಗೂ ವೃತ್ತಿಪರರಿಗೆ ತೆರೆಯಿತು. ಅಷ್ಟರಲ್ಲಿ ಸೆಗೂರಾನಿಗೆ ನಲವತ್ತೇಳು ವರ್ಷ. ಆದರೂ ಹೋದ. ಅಲೆಕ್ಸ್ ಓಲ್ಮೆಡೊನ ಜೊತೆಗೂಡಿ ಸೀಗಲ್ ಮತ್ತು ಫೋರ್ಬ್ಸ್ ಜೋಡಿಯೆದುರು ಆಡಿದ ಒಂದು ಸೆಟ್ಟು 32–30ರವರೆಗೆ ಬೆಳೆಯಿತು. ಅರವತ್ತೆರಡು ಗೇಮುಗಳು! ತಡವಾಗಿ ದೊರೆತ ಅಂಗಳವನ್ನು ಬಿಟ್ಟು ಹೊರಡಲು ಆತನಿಗೆ ಮನಸ್ಸೇ ಇರಲಿಲ್ಲವೇನೋ. ಆ ಪಂದ್ಯವನ್ನು ಗೆದ್ದೇ ಆತ ಹೊರಬಂದ.

ಅದೇ ವರ್ಷ ಗ್ಲೋರಿಯಾ ಕಾನರ್ಸ್ ಎಂಬ ತಾಯಿ ಹದಿಹರೆಯದ ಮಗನನ್ನು ಆತನ ಬಳಿಗೆ ಕರೆತಂದಳು. ಮಗನಿಗೆ ರ‍್ಯಾಕೆಟ್ ಹಿಡಿಸಿದವಳು ಆಕೆಯೇ. ಆದರೆ ಗಂಡಸರ ಟೆನಿಸ್ಸನ್ನು ಗಂಡಸಿನಿಂದಲೇ ಕಲಿಯಬೇಕೆಂದು ತಿಳಿದು, ತಾನು ತಿದ್ದಿದ ಶಿಷ್ಯನನ್ನು ಇನ್ನೊಬ್ಬರಿಗೆ ಒಪ್ಪಿಸಿದಳು. ಅದಕ್ಕೂ ದೊಡ್ಡ ಮನಸ್ಸು ಬೇಕು.

ಜಿಮ್ಮಿ ಎಂಬ ಆ ಹುಡುಗನದೂ ಆಜಾನುಬಾಹು ಮೈಕಟ್ಟಲ್ಲ. ಅವನೂ ಹಿಂಗೈ ಹೊಡೆತವನ್ನು ಎರಡು ಕೈಯಿಂದ ಹೊಡೆಯುವವನು. ಸೆಗೂರಾ ಅವನ ಹೊಡೆತಗಳನ್ನು ಕೆಡಿಸಲು ಹೋಗಲಿಲ್ಲ, ಬುದ್ಧಿಯನ್ನು ಹದಮಾಡಿದ. ಕೈಯೊರಸುವ ಕಾಗದದ ಮೇಲೆ ಅಂಕಣದ ನಕ್ಷೆ ಬರೆದು, ಯಾವ ಚೆಂಡಿಗೆ ಎಲ್ಲಿ ನಿಲ್ಲಬೇಕು, ಯಾವ ಅಂಕದಲ್ಲಿ ಸಾಹಸ ಸಲ್ಲದು ಎಂಬುದನ್ನು ತೋರಿಸಿದ. ಬಲದಲ್ಲಿ ಮೀರಿದವರನ್ನು ಯುಕ್ತಿಯಿಂದ ಮಣಿಸುವ ವಿದ್ಯೆ ಆತನಿಗೆ ಪುಸ್ತಕದಿಂದ ಬಂದುದಲ್ಲವಷ್ಟೆ.

1974ರಲ್ಲಿ ಕಾನರ್ಸ್ ಆಸ್ಟ್ರೇಲಿಯ, ವಿಂಬಲ್ಡನ್ ಮತ್ತು ಅಮೆರಿಕದ ಪ್ರಶಸ್ತಿಗಳನ್ನು ಗೆದ್ದ. ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಕೆನ್ ರೋಸ್‌ವಾಲನೆದುರು 6–1, 6–1, 6–4. ಆ ರೋಸ್‌ವಾಲನ ಆಟವನ್ನು ಸೆಗೂರಾ ವೃತ್ತಿಪರರ ಬಳಗದಲ್ಲಿ ತಾನೇ ಎದುರುನಿಂತು ಅರಿತಿದ್ದ. ವಿಧಿಯ ಕುಚೋದ್ಯವೆಂಬಂತೆ, ಅದೇ ವರ್ಷ ಇನ್ನೊಂದು ಒಪ್ಪಂದದ ಕಾರಣದಿಂದ ಶಿಷ್ಯನಿಗೆ ಪ್ಯಾರಿಸ್ಸಿನ ಪಂದ್ಯದ ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿನ ನೋವೂ ಗುರುವಿನಿಂದ ಬಂದ ಸೊತ್ತಾಯಿತು.

1984ರಲ್ಲಿ ಟೆನಿಸ್ಸಿನ ಕೀರ್ತಿಮಂದಿರವು ಸೆಗೂರಾನನ್ನು ಬರಮಾಡಿಕೊಂಡಿತು. 2017ರ ನವೆಂಬರಿನಲ್ಲಿ, ತೊಂಬತ್ತಾರರ ಹಣ್ಣು ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ಆತ ಕಣ್ಮುಚ್ಚಿದ. ದೊಡ್ಡ ಪಂದ್ಯಗಳ ಒಂಟಿಯಾಟದ ವಿಜೇತರ ಪಟ್ಟಿಯಲ್ಲಿ ಆತನ ಹೆಸರನ್ನು ಹುಡುಕಿದರೆ ಸಿಗದು. ಆದರೆ 1974ರ ಸಾಲಿನಲ್ಲಿ ಮೂರು ಸಲ ಕಾಣುವ ಕಾನರ್ಸನ ಹೆಸರನ್ನು ಬಲ್ಲವರು ಬೇರೆ ಬಗೆಯಲ್ಲಿ ಓದಿಕೊಳ್ಳುತ್ತಾರೆ.